ಹಿನ್ನೆಲೆ ಕರಗಿಸುವ ಕ್ಯಾಮೆರಾ

ಮಗಳು ಇಂಚರಳ ಎಡಗಡೆಯ ಜಡೆ ಮುಗಿದಿತ್ತು. ರಿಬ್ಬನ್ನನ್ನು ಬಾಯಲ್ಲಿ ಕಚ್ಚಿಕೊಂಡು, ಬಲಗಡೆಯ ಕೂದಲನ್ನು ಮೂರು ಭಾಗ ಮಾಡಿ ಹಿಡಿದಿದ್ದೆ. ಅಷ್ಟರಲ್ಲಿ ನನ್ನ ಮೈದುನ ಕೊಟ್ರೇಶ ಬಾಗಿಲಲ್ಲಿ ನಿಂತು ಕೂಗಿದ.

"ಅತ್ಗೇ! ಎಲ್ಲಾ ಬಿಟ್ಟು ಈ ಕಡೆ ನೋಡ್ರಿ! ಇವತ್ತಿಗೆ ದಾವಣಗೆರೆ ಫೋಟೋಗ್ರಫಿ ಚರಿತ್ರೆನೇ ಬದಲಾತು!"

ಬಾಯಲ್ಲಿ ರಿಬ್ಬನ್ ಇದ್ದುದರಿಂದ ನಾನು "ಹ್ಞೂಂ" ಎಂದೆ ಅಷ್ಟೆ. ದಾವಣಗೆರೆಯ ಯಾವುದಾದರೊಂದು ಚರಿತ್ರೆ ನಮ್ಮ ಮನೆಯಲ್ಲಿ ಆಗಾಗ ಬದಲಾಗುತ್ತಲೇ ಇರುತ್ತದೆ. ಹೋದ ತಿಂಗಳು ಅವನೇ ಕಟ್ಟಿದ ರೊಟ್ಟಿ ತಟ್ಟುವ ಯಂತ್ರ ಬಂದಿತ್ತು. ಅದು ರೊಟ್ಟಿಯೊಂದನ್ನು ಬಿಟ್ಟು ಉಳಿದದ್ದನ್ನೆಲ್ಲ ತಟ್ಟಿತು, ನಮ್ಮತ್ತೆಯ ಬೆನ್ನನ್ನೂ ಸೇರಿಸಿ.

ಕೊಟ್ರೇಶನದು ಒಂದು ಸಣ್ಣ ಸ್ಟುಡಿಯೊ. ಮದುವೆ, ಸೀಮಂತ, ಗೃಹಪ್ರವೇಶಗಳ ಫೋಟೋ, ವಿಡಿಯೊ ಮಾಡುತ್ತಾನೆ. ಪರಿಚಯದ ಅಂಗಡಿಯವರು ಹೊಸ ಡಿಜಿಟಲ್ ಎಸ್ಎಲ್ಆರ್ ಕ್ಯಾಮೆರಾ ಒಂದನ್ನು ಅವನ ಕೈಗೆ ಕೊಟ್ಟು, "ಎರಡು ದಿನ ಇಟ್ಟುಕೊಂಡು ಪರೀಕ್ಷೆ ಮಾಡಿ, ಹೇಗಿದೆ ಹೇಳಿ, ಇದರಲ್ಲಿ ವಿಡಿಯೊ ಕೂಡ ಬರುತ್ತದೆ" ಎಂದಿದ್ದರಂತೆ. ಬೇರೆ ಯಾರಾದರೂ ಆಗಿದ್ದರೆ ಪರೀಕ್ಷೆ ಮಾಡುತ್ತಿದ್ದರು. ಕೊಟ್ರೇಶ ಅದನ್ನು ಬಿಚ್ಚಿದ.

"ನಮ್ಮೂರಾಗೆ ಯಾರ್ದೇ ಫೋಟೋ ತೆಗೀರಿ ಅತ್ಗೆ, ಹಿಂದೆ ಒಂದು ನೀರಿನ ಡ್ರಮ್ಮು, ಒಂದು ಗ್ಯಾಸ್ ಸಿಲಿಂಡ್ರು, ಒಂದು ಒಣಗಾಕಿದ ಲುಂಗಿ! ಒಳ್ಳೆ ಲೆನ್ಸ್ ಹಾಕಿದ್ರೆ ಹಿಂದಿಂದು ಸ್ವಲ್ಪ ಮಸುಕಾಗತ್ತೆ. ಸ್ವಲ್ಪ ಯಾಕೆ? ಪೂರ್ತಿ ಕರಗ್ಲಿ ಅಂತ ಒಳಗೆ ನಾನೇ ಒಂದು ತಂತಿ ಕಾಯಿಲ್ ಸುತ್ತಿದೀನಿ!"

ನಾನು ನೈಟಿಯಲ್ಲಿದ್ದೆ. ಯಾರಾದರೂ ಬಂದಾಗ ಹೆಗಲ ಮೇಲೊಂದು ಟವೆಲ್ ಎಳೆದುಕೊಂಡರೆ ನೈಟಿ ಮರ್ಯಾದಸ್ಥ ಉಡುಪಾಗುತ್ತದೆ ಎಂಬುದು ನಮ್ಮ ಬೀದಿಯ ಹೆಂಗಸರೆಲ್ಲ ಒಪ್ಪಿಕೊಂಡ ನಿಯಮ. ಆದರೆ ಕ್ಯಾಮೆರಾದ ಮುಂದೆ ಆ ನಿಯಮ ನಡೆಯುವುದಿಲ್ಲ. ಹಾಗಾಗಿ ಮಗಳನ್ನು ಮುಂದೆ ತಳ್ಳಿ ನಾನು ಅಡುಗೆಮನೆಯ ಬಾಗಿಲಿಗೆ ಸರಿದೆ. ಯೋಚಿಸಿ ಮಾಡಿದ್ದಲ್ಲ. ಕ್ಯಾಮೆರಾ ಕಂಡರೆ ನನ್ನ ಕಾಲು ತಾನಾಗಿ ಹಿಂದಕ್ಕೆ ಹೋಗುತ್ತದೆ.

ಕ್ಲಿಕ್!

ಕೊಟ್ರೇಶ ಕ್ಯಾಮೆರಾದ ಪರದೆ ತೋರಿಸಿದ. ನಿಜಕ್ಕೂ ಚಂದವಿತ್ತು. ಇಂಚರಳ ರೆಪ್ಪೆಗೂದಲನ್ನು ಒಂದೊಂದಾಗಿ ಎಣಿಸಬಹುದಿತ್ತು. ಅವಳ ಹಿಂದಿದ್ದದ್ದೆಲ್ಲ ಹಾಲಿನ ಕೆನೆಯಂತೆ ನುಣ್ಣಗೆ.

"ನೋಡ್ರಿ! ಡ್ರಮ್ ಎಲ್ಲೈತೆ? ಸಿಲಿಂಡ್ರು ಎಲ್ಲೈತೆ?"

ನಾನು ತಿರುಗಿ ನೋಡಿದೆ. ಹೌದಲ್ಲ, ಎಲ್ಲಿದೆ?

ಒಲೆ ಇದ್ದ ಕಡೆ ಒಂದು ಕಪ್ಪು ಮೋಡ, ಡ್ರಮ್ ಇದ್ದ ಕಡೆ ಒಂದು ನೀಲಿ ಮೋಡ! ಮುಟ್ಟಿದರೆ ಎಲ್ಲವೂ ಇದ್ದಲ್ಲೇ ಇತ್ತು, ಗಟ್ಟಿಯಾಗಿಯೇ ಇತ್ತು. ಆದರೆ ಯಾವುದು ಎಲ್ಲಿ ಮುಗಿದು ಇನ್ನೊಂದು ಎಲ್ಲಿ ಶುರುವಾಗುತ್ತದೆ ಎಂಬುದೇ ತಿಳಿಯುತ್ತಿರಲಿಲ್ಲ. ಸಾರಿನ ಪಾತ್ರೆ ಎಂದು ಮುಚ್ಚಳ ತೆಗೆಯಲು ಹೋದರೆ ಅದು ನಮ್ಮತ್ತೆಯ ತಲೆ!

"ಅಯ್ಯೋ ಮಂಗಳಾ, ಕಣ್ಣಿನ ಪೊರೆ ತಿರುಗಿ ಬಂತು ಕಣೇ!" ಎಂದು ಅತ್ತೆ ಗೋಡೆ ತಡಕುತ್ತಾ ಬಂದರು. "ಮೊನ್ನೆ ಮೊನ್ನೆ ತೆಗ್ಸಿದ್ದು, ಹಿತ್ತಲ ಕಳೆ ಬೆಳ್ದಂಗೆ ಬೆಳೀತಲ್ಲೇ!"

"ಪೊರೆ ಅಲ್ಲ ಅತ್ತೆ, ನಿಮ್ಮ ಮಗ."

"ಎರಡೂ ಒಂದೇ ಬಿಡು."

ಅಷ್ಟರಲ್ಲಿ ಎದುರು ಮನೆಯ ಹಾಲಮ್ಮ ಮೊಸರಿಗೆ ಹೆಪ್ಪು ಕೇಳಲು ಲೋಟ ಹಿಡಿದು ಬಂದವಳು ನನ್ನನ್ನೇ ನೋಡುತ್ತಾ ನಿಂತುಬಿಟ್ಟಳು.

"ಏನೇ ಸರ್ವಮಂಗಳಾ, ಮುಖದ ಮೇಲಿನ ಕಲೆ ಎಲ್ಲಾ ಹೋಗ್ಯಾವಲ್ಲ! ಬಿಳಿ ಕೂದ್ಲೂ ಕಾಣವಲ್ದು! ಸಣ್ಣಗೂ ಆಗೀಯ! ಏನ್ ಹಚ್ಚಿದ್ಯೆ? ನನಗೂ ಹೇಳೇ!"

ಕನ್ನಡಿ ನೋಡಿಕೊಂಡೆ. ಕನ್ನಡಿ ಕೊಳೆಯಾಗಿದೆ ಎಂದು ಟವೆಲ್ಲಿನಿಂದ ಒರೆಸಿದೆ. ಮತ್ತೆ ಒರೆಸಿದೆ. ಕೊಳೆಯಾಗಿದ್ದದ್ದು ಕನ್ನಡಿಯಲ್ಲ. ಮಗಳ ಹಿಂದೆ ನಿಂತಿದ್ದ ನಾನೂ ಡ್ರಮ್ಮು, ಸಿಲಿಂಡರುಗಳ ಜೊತೆ ಕರಗಿಹೋಗಿದ್ದೆ! ಸುಳ್ಳೇಕೆ ಹೇಳಲಿ, ಮೊದಲು ಸ್ವಲ್ಪ ಖುಷಿಯೇ ಆಯಿತು. ಇಷ್ಟು ವರ್ಷ ಕಡಲೆಹಿಟ್ಟು, ಮುಲ್ತಾನಿ ಮಿಟ್ಟಿಗಳಿಂದ ಆಗದ ಕೆಲಸವನ್ನು ಮೈದುನನ ಕಾಯಿಲ್ ಒಂದೇ ಕ್ಲಿಕ್ಕಿಗೆ ಮಾಡಿತ್ತು. ಸೊಂಟವಂತೂ ಎಲ್ಲಿದೆ ಎಂದು ನನಗೇ ಗೊತ್ತಾಗಲಿಲ್ಲ.

ಖುಷಿ ಹೆಚ್ಚು ಹೊತ್ತು ಉಳಿಯಲಿಲ್ಲ. ಇಂಚರ ಕುರ್ಚಿ ಹತ್ತಿ ಕುಣಿಯುತ್ತಿದ್ದಳು. ನಾನು ಕಣ್ಣು ಬಿಟ್ಟೆ. ನಾನು ಕಣ್ಣು ಬಿಟ್ಟರೆ ನಮ್ಮ ಮನೆಯಲ್ಲಿ ಫ್ಯಾನ್ ಕೂಡ ನಿಲ್ಲುತ್ತದೆ ಎಂದು ಹೆಸರಿತ್ತು. ಮಗಳು ಕುಣಿಯುತ್ತಲೇ ಇದ್ದಳು. ಮಸುಕು ಕಣ್ಣಿಗೆ ಯಾರು ಹೆದರುತ್ತಾರೆ? ಗದರಿದ ಮೇಲೆ ಕೆಳಗಿಳಿದು ಹತ್ತಿರ ಬಂದು ನನ್ನ ಮುಖ ನೋಡಿದಳು.

"ಅಮ್ಮ, ನೀನು ಸಿಟ್ಟಾಗೀಯಾ, ನಗ್ತಿದೀಯಾ?"

"ನಗ್ತಿದೀನಿ ಪುಟ್ಟಿ."

"ಕಾಣ್ತಾನೇ ಇಲ್ಲ."

ಅವಳು ಕೈ ಚಾಚಿ ನನ್ನ ತುಟಿಯ ತುದಿಗಳನ್ನು ಬೆರಳಿನಿಂದ ಮುಟ್ಟಿ ಮುಟ್ಟಿ ನೋಡಿದಳು. ನಗು ಎಲ್ಲಿದೆ ಎಂದು ಹುಡುಕುತ್ತಿದ್ದಳು. ನಾನು ಆ ಬೆರಳುಗಳನ್ನು ಹಿಡಿದುಕೊಂಡೆ.

"ಕೊಟ್ರೇಶಾ, ಆಟ ಸಾಕು. ನನ್ನ ಮುಖ ನನಗೆ ವಾಪಸ್ ಮಾಡು!"

"ಅದೇನ್ ದೊಡ್ಡ ಕೆಲ್ಸ ಅತ್ಗೆ? ನಿಮ್ಮ ಮೇಲೆ ಫೋಕಸ್ ಮಾಡಿ ಇನ್ನೊಂದ್ ಹೊಡದ್ರಾತು. ಆದ್ರೆ ಬ್ಯಾಟರಿ ಮುಗಿಯೋದ್ರೊಳಗೆ ಆಗ್ಬೇಕು. ಕಾಯಿಲ್ ತಣ್ಣಗಾದ್ರೆ ಹೆಂಗೈತೋ ಹಂಗೇ ಗಟ್ಟಿ ಆಗ್ಬಿಡತ್ತೆ, ಮೈಸೂರ್ ಪಾಕ್ ಇದ್ದಂಗೆ!"

"ಚಾರ್ಜರ್ ಎಲ್ಲಿ?"

"ಅಡಿಗಿಮನ್ಯಾಗೇ ಹಾಕಿದ್ದೆ."

ಇಬ್ಬರೂ ಹೋಗಿ ಮೋಡದಲ್ಲಿ ತಡಕಾಡಿದೆವು. ಕೊಟ್ರೇಶನಿಗೆ ಲಟ್ಟಣಿಗೆ ಸಿಕ್ಕಿತು, ನನಗೆ ಬಹಳ ದಿನದಿಂದ ಹುಡುಕುತ್ತಿದ್ದ ಈಳಿಗೆಮಣೆ ಸಿಕ್ಕಿತು. ಚಾರ್ಜರ್ ಸಿಗಲಿಲ್ಲ. ಸೀರೆಯನ್ನಾದರೂ ಉಟ್ಟು ನಿಲ್ಲೋಣವೆಂದು ಕೋಣೆಗೆ ಹೋದರೆ, ಫೋಟೋದ ಹಿನ್ನೆಲೆಗೆ ಸಿಕ್ಕಿದ್ದ ಬೀರುವೂ ಕರಗಿತ್ತು. ರೇಷ್ಮೆ ಸೀರೆ ಎಂದು ಎಳೆದದ್ದು ಹಾಸಿಗೆಯ ಹೊದಿಕೆ. ಸುಮ್ಮನೆ ಟವೆಲ್ ಸರಿಮಾಡಿಕೊಂಡು ಹೊರಗೆ ಬಂದೆ.

"ಫೋಟೋ ಆದ್ರೆ ಒಬ್ರದ್ದೇ ಆಗತ್ತೆ. ವಿಡಿಯೊ ಹಾಕಿದ್ರೆ ಮನೆಯೆಲ್ಲಾ ಒಟ್ಟಿಗೇ ಸರಿಹೋಗತ್ತೆ!" ಎಂದ ಕೊಟ್ರೇಶ. ನಾನು ಬೇಡ ಎನ್ನುವಷ್ಟರಲ್ಲಿ ಗುಂಡಿ ಒತ್ತಿಯೂ ಆಗಿತ್ತು.

ವಿಡಿಯೊದಲ್ಲಿ ಈ ಕ್ಯಾಮೆರಾಗಳ ಫೋಕಸ್ ಒಂದು ಕಡೆ ನಿಲ್ಲುವುದಿಲ್ಲವಂತೆ, ಮುಂದೆ ಹಿಂದೆ ಹುಡುಕಾಡುತ್ತಿರುತ್ತದಂತೆ. ಅದು ಹುಡುಕಾಡಿದ ಹಾಗೆಲ್ಲ ನಮ್ಮ ಮನೆ ಉಸಿರಾಡತೊಡಗಿತು! ಟೀವಿ ಸ್ಪಷ್ಟವಾಯಿತು, ಕುರ್ಚಿ ಕರಗಿತು. ಕುರ್ಚಿ ಬಂತು, ಹಾಲಮ್ಮ ಕರಗಿದಳು. ಹಾಲಮ್ಮ ಬಂದಳು, ಅವಳ ಕೈಯಲ್ಲಿದ್ದ ಲೋಟ ಹೋಯಿತು. ನಾನು ಹಡಗಿನಲ್ಲಿ ನಿಂತವಳಂತೆ ಗೋಡೆ ಹಿಡಿದುಕೊಂಡೆ.

"ಮುಖ ಹುಡುಕೋ ಮೋಡ್ ಹಾಕ್ತೀನಿ, ತಡೀರಿ!"

ಯಂತ್ರ ಮುಖ ಹುಡುಕಿತು. ಎಲ್ಲರ ಮುಖ ಬಿಟ್ಟು ಗೋಡೆಯ ಮೇಲಿದ್ದ, ತೀರಿಹೋದ ನಮ್ಮ ಮಾವನವರ ಫೋಟೋವನ್ನು ಹಿಡಿದುಕೊಂಡಿತು! ಮಾವನವರ ಮೀಸೆಯ ಒಂದೊಂದು ಕೂದಲೂ ಎದ್ದು ನಿಂತಿತು. ಕೊಟ್ರೇಶ ಪಿಯುಸಿ ಫೇಲಾದ ದಿನ ನೋಡಿದ ಹಾಗೇ ಅವನನ್ನು ನೋಡುತ್ತಿದ್ದರು. ಅತ್ತೆ ತಟ್ಟನೆ ತಲೆಯ ಮೇಲೆ ಸೆರಗು ಎಳೆದುಕೊಂಡರು.

"ಕೊಟ್ರಾ, ನಿಲ್ಲಿಸ್ಬ್ಯಾಡ! ಹತ್ತು ವರ್ಷದ ಮಾತು ಬಾಕಿ ಐತೆ!"

"ಅವ್ವಾ, ಬ್ಯಾಟರಿ!"

"ನಿನ್ನ ಬ್ಯಾಟರಿಗೆ ಬೆಂಕಿ ಬೀಳ! ಏನ್ರೀ, ಕೇಳ್ರಿ ಇಲ್ಲಿ, ನಿಮ್ಮ ಮಗ..."

ಅಷ್ಟರಲ್ಲಿ ಕುಕ್ಕರ್ ಕೂಗಿತು. ನಾನು ಓಡಿದೆ. ಯಾವ ಮೋಡದಲ್ಲಿ ಕೂಗುತ್ತಿದೆ ಎಂದು ಪತ್ತೆ ಮಾಡಿ ಒಲೆ ಆರಿಸಿ ಬರುವಷ್ಟರಲ್ಲಿ ಕೊಟ್ರೇಶ ವಿಡಿಯೊ ನಿಲ್ಲಿಸಿದ್ದ, ಅತ್ತೆ ಮಾತು ನಿಲ್ಲಿಸಿರಲಿಲ್ಲ. ಬ್ಯಾಟರಿಯಲ್ಲಿ ಒಂದೇ ಗೆರೆ ಉಳಿದಿತ್ತು.

"ಅತ್ಗೆ, ಬೈಬ್ಯಾಡ್ರಿ," ಎಂದ ಕೊಟ್ರೇಶ ಈ ಸಲ ಮೆಲ್ಲಗೆ. "ನಿಮ್ಮ ಮುಖ ಮುಖ ಅಂತಾನೇ ಮಷೀನಿಗೆ ಗೊತ್ತಾಗ್ತಿಲ್ಲ. ಒಂದು ಹಳೇ ಫೋಟೋ ತೋರ್ಸಿದ್ರೆ ಗುರ್ತು ಹಿಡಿಯತ್ತೆ."

ಟೀವಿ ಕೆಳಗಿನ ಆಲ್ಬಮ್ಮುಗಳನ್ನು ಹರಡಿಕೊಂಡು ಕುಳಿತೆವು. ಇಂಚರಳ ನಾಮಕರಣದಲ್ಲಿ ತೊಟ್ಟಿಲ ಹಿಂದೆ ನನ್ನ ಮೊಣಕೈ ಇತ್ತು. ಸ್ಟುಡಿಯೊ ಪೂಜೆಯಲ್ಲಿ ತಟ್ಟೆ ಹಿಡಿದ ನನ್ನ ಎರಡು ಕೈ ಇದ್ದವು, ಮುಖ ಇರಬೇಕಾದ ಕಡೆ ಯಾರದೋ ರುಮಾಲು. ನಾದಿನಿಯ ಮದುವೆಯಲ್ಲಿ ಪಾಯಸದ ಬಕೆಟ್ ಹಿಡಿದು ಓಡುತ್ತಿರುವ ನನ್ನ ಬೆನ್ನು. ಕೊನೆಗೆ ನನ್ನ ಮದುವೆಯ ಆಲ್ಬಮ್ ತೆಗೆದೆವು. ಉದ್ದಕ್ಕೂ ತಲೆ ತಗ್ಗಿಸಿಯೇ ಇದ್ದೇನೆ. ಬಾಸಿಂಗ ಮಾತ್ರ ಬಹಳ ಚೆನ್ನಾಗಿ ಬಂದಿದೆ.

"ಇವೆಲ್ಲಾ ನೀನೇ ತೆಗ್ದಿದ್ದಲ್ವೇನೋ?" ಎಂದೆ.

"ನೀವು ನಿಂತಿದ್ರೆ ತೆಗೀತಿದ್ನಲ್ಲ ಅತ್ಗೆ! ‘ಒಂದ್ನಿಮಿಷ, ಅನ್ನ ಇಳಿಸಿ ಬರ್ತೀನಿ’ ಅಂತ ಹೋದೋರು ಪಂಕ್ತಿ ಎದ್ದ ಮೇಲೇ ಬರ್ತಿದ್ರಿ."

ಇಂಚರ ಆಲ್ಬಮ್ಮಿನ ಹಾಳೆಗಳನ್ನು ಮತ್ತೆ ಮೊದಲಿನಿಂದ ತಿರುವುತ್ತಿದ್ದಳು.

ಉಳಿದದ್ದು ಒಂದೇ ದಾರಿ. ಕೊಟ್ರೇಶ ಲೆನ್ಸಿನ ಉಂಗುರವನ್ನು ಕೈಯಿಂದಲೇ ತಿರುಗಿಸಿ ಫೋಕಸ್ ಮಾಡಬೇಕು. ಅದಕ್ಕೆ ನಾನು ಒಳ್ಳೆ ಬೆಳಕಿನಲ್ಲಿ, ಒಬ್ಬಳೇ, ಅಲುಗದೆ ಮುಂದೆ ನಿಲ್ಲಬೇಕು. ಒಳ್ಳೆ ಬೆಳಕು ಇದ್ದದ್ದು ಬೀದಿಯಲ್ಲಿ.

"ಬೀದೀಲಿ? ನೈಟೀಲಿ? ಸಾಧ್ಯವೇ ಇಲ್ಲ!" ಎಂದೆ.

"ಹಂಗಾದ್ರೆ ಜೀವನಪೂರ್ತಿ ಹಿಂಗೇ ಇರ್ರಿ."

ಇಂಚರ ನನ್ನ ಕೈ ಹಿಡಿದು ಎಳೆದಳು.

ಬೀದಿಗೆ ಬಂದೆ. ಕೊಟ್ರೇಶ ನಮ್ಮ ಮನೆಯ ಮೆಟ್ಟಿಲ ಮೇಲೆ ನಿಂತ. ಸೊಪ್ಪಿನ ಗಾಡಿಯವನು ಗಾಡಿ ನಿಲ್ಲಿಸಿ ನೋಡಿದ. ಹಾಲಮ್ಮ ತನ್ನ ಮನೆಯ ಬಾಗಿಲಿಗೆ ಹೋಗಿ ಸ್ಟೂಲ್ ಹಾಕಿಕೊಂಡು ಕುಳಿತಳು.

"ರೆಡೀನಾ ಅತ್ಗೆ? ಒಂದೇ ಹೊಡೆತ ಉಳ್ದಿರೋದು!"

ಸೌಟೋ ತಟ್ಟೆಯೋ ಇಲ್ಲದಿದ್ದರೆ ಕೈಗಳನ್ನು ಎಲ್ಲಿ ಇಡುವುದೆಂದು ನನಗೆ ಗೊತ್ತಿಲ್ಲ. ಕಟ್ಟಿಕೊಂಡೆ, ಬಿಟ್ಟೆ, ಬೆನ್ನ ಹಿಂದೆ ಇಟ್ಟೆ. ಅಷ್ಟರಲ್ಲಿ ಪಕ್ಕದಲ್ಲಿದ್ದ ಇಂಚರಳ ಬಿಚ್ಚುಗೂದಲು ಕಣ್ಣಿಗೆ ಬಿತ್ತು. ಅವಳನ್ನು ಮುಂದೆ ನಿಲ್ಲಿಸಿಕೊಂಡು ಉಳಿದ ಜಡೆ ಹೆಣೆಯತೊಡಗಿದೆ.

"ಅತ್ಗೇ! ಮತ್ತೆ ಹಿಂದೆ ಹೋದ್ರಲ್ರೀ!" ಕೊಟ್ರೇಶ ಚೀರಿದ. "ಗೆರೆ ಮಿಣಿಮಿಣಿ ಅಂತಿದೆ!"

ಇಂಚರ ನನ್ನ ಕೈಯಿಂದ ಕೂದಲು ಬಿಡಿಸಿಕೊಂಡಳು. ಮೆಟ್ಟಿಲು ಹತ್ತಿ ಚಿಕ್ಕಪ್ಪನ ಪಕ್ಕದಲ್ಲಿ ನಿಂತು ಪರದೆಯಲ್ಲಿ ಇಣುಕಿದಳು.

"ಅಮ್ಮ ಒಂಚೂರು ಬರ್ತಿದಾಳೆ... ಇನ್ನೂ ತಿರುಗ್ಸು ಚಿಕ್ಕಪ್ಪ... ಮೂಗು ಬಂತು... ಅಮ್ಮಾ, ನಗು!"

ನಕ್ಕೆ. ಕ್ಲಿಕ್! ಕ್ಯಾಮೆರಾ ಕುಯ್ಯೆಂದು ಉಸಿರು ಬಿಟ್ಟು ಸತ್ತಿತು.

ಕೈ ನೋಡಿಕೊಂಡೆ. ಒಗ್ಗರಣೆ ಸಿಡಿದ ಗುರುತು, ಉಗುರಿನ ಅಂಚಿನ ಅರಿಶಿನ, ಎಲ್ಲ ಇತ್ತು. ಬಿಳಿ ಕೂದಲು, ಕಲೆ, ಸೊಂಟ, ಎಲ್ಲವೂ ಬಡ್ಡಿ ಸಮೇತ ವಾಪಸ್ ಬಂದಿದ್ದವು. ಇಷ್ಟು ಸ್ಪಷ್ಟವಾಗಿ ನಾನು ಹುಟ್ಟಿದ ದಿನವೂ ಇದ್ದಿರಲಿಕ್ಕಿಲ್ಲ. ತಿರುಗಿ ನೋಡಿದರೆ ನನ್ನ ಹಿಂದೆ ಬೀದಿಯೇ ಇರಲಿಲ್ಲ! ಎದುರು ಮನೆಗಳ ಸಾಲು, ಕಂಬಗಳು, ಸೊಪ್ಪಿನ ಗಾಡಿ, ಆಚೆಯ ನೀರಿನ ಟ್ಯಾಂಕಿನವರೆಗೆ ಎಲ್ಲವೂ ಒದ್ದೆ ಬಟ್ಟೆಯಿಂದ ಒರೆಸಿದ ರಂಗೋಲಿಯಂತೆ ಕಲಸಿಹೋಗಿತ್ತು. ಒಂದು ಕೆಂಪು ಮೋಡದೊಳಗಿಂದ ಹಾಲಮ್ಮನ ದನಿ ಬಂತು: "ಯಾವನೋ ಅವ್ನು, ನಮ್ಮನೆ ಬಾಗ್ಲು ತಗಂಡ್ ಹೋದೋನು?"

"ಹಿನ್ನೆಲೆ ಮಸುಕು, ಹತ್ತಕ್ಕೆ ಹತ್ತು," ಎಂದು ಕೊಟ್ರೇಶ ಅಂಗಡಿಯವರಿಗೆ ಹೇಳಬೇಕಾದ ಅಂಕಗಳನ್ನು ತನ್ನಷ್ಟಕ್ಕೆ ಗೊಣಗಿದ. "ವಿಡಿಯೊ, ಮೂರು."

ಆಮೇಲೆ ಅವನು ನನ್ನನ್ನು ನೋಡಿದ. ತಕ್ಷಣ ತಲೆ ತಗ್ಗಿಸಿ ಬ್ಯಾಟರಿ ಬಿಚ್ಚತೊಡಗಿದ. ಅತ್ತೆ ಬಾಗಿಲಿಗೆ ಬಂದರು, ನೋಡಿದರು, ಕೆಮ್ಮಿದರು, ಒಳಗೆ ಹೋದರು. ಇಡೀ ಬೀದಿಯಲ್ಲಿ ಕಣ್ಣಿಗೆ ಕಾಣುತ್ತಿದ್ದ ವಸ್ತು ನಾನೊಬ್ಬಳೇ ಆಗಿದ್ದರೂ ಯಾರೂ ನನ್ನತ್ತ ನೋಡುತ್ತಿರಲಿಲ್ಲ.

ಇಂಚರ ಮಾತ್ರ ಮೆಟ್ಟಿಲಿಳಿದು ಬಂದಳು. ನನ್ನ ಮುಖವನ್ನು ಬಹಳ ಹೊತ್ತು ನೋಡಿದಳು. ಟವೆಲ್ ಸರಿಸಿ, ಹೆಗಲ ಮೇಲೆ ಎದ್ದು ಕಾಣುತ್ತಿದ್ದ ಹೊಲಿಗೆಯ ಮೇಲೆ ಬೆರಳಾಡಿಸಿದಳು. ಆಮೇಲೆ, ಕಣ್ಣಿಗೆ ಕಾಣದಿದ್ದರೂ ಕಿವಿ ಚೆನ್ನಾಗಿಯೇ ಇದ್ದ ಆ ಬೀದಿಗೆಲ್ಲ ಕೇಳುವಂತೆ ಕೇಳಿದಳು:

"ಅಮ್ಮಾ, ನೈಟಿ ಉಲ್ಟಾ ಹಾಕ್ಕಂಡೀಯಲ್ಲ, ಅದ್ಕೇನಾ ನೀನು ಎಲ್ಲಾ ಫೋಟೋದಾಗೂ ಹಿಂದೆ ನಿಂತ್ಕಳದು?"