ಪವರ್ ಆಂಪ್ಲಿಫೈಯರ್ ಪರಾಕ್ರಮ

ರೇಡಿಯೋ ಕೆಟ್ಟರೆ ಅಂಗಡಿಗೆ ಹೊತ್ತುಕೊಂಡು ಹೋಗುವವನು ಹವ್ಯಾಸಿಯಲ್ಲ, ಬರೀ ಗಿರಾಕಿ! ಹೀಗೆಂದು ಫಿನ್ಲೆಂಡಿನ ನಮ್ಮೂರಿನ ಹ್ಯಾಮ್ ರೇಡಿಯೋ ಕ್ಲಬ್ಬಿನಲ್ಲಿ ಎದೆ ತಟ್ಟಿ ಹೇಳಿದವನು ನಾನೇ. ಆದ್ದರಿಂದ ಕಳೆದ ಶನಿವಾರ ದನಿ ಕೇಳಿಸುವ, ಕಳಿಸುವ ನನ್ನ ರೇಡಿಯೋ ಟ್ರಾನ್ಸೀವರ್ ಮೂಕವಾದಾಗ ನಾನೇ ಬಿಚ್ಚದೆ ಗತ್ಯಂತರವಿರಲಿಲ್ಲ.

ಅದಕ್ಕೆ ಕಿವಿ ಚೆನ್ನಾಗಿತ್ತು, ಬಾಯಿ ಬಿದ್ದುಹೋಗಿತ್ತು. ದಕ್ಷಿಣ ಅಟ್ಲಾಂಟಿಕ್‌ನ ಜನವಿಲ್ಲದ ದ್ವೀಪವೊಂದರಲ್ಲಿ ಬೀಡುಬಿಟ್ಟಿದ್ದ ಹವ್ಯಾಸಿಗಳ ದನಿ ಪಕ್ಕದ ಮನೆಯಿಂದ ಬಂದಷ್ಟು ಸ್ಪಷ್ಟ. ನಾನು ಕೂಗಿದ್ದು ಮಾತ್ರ ನಮ್ಮ ಅಂಗಳದ ಬರ್ಚ್ ಮರವನ್ನೂ ದಾಟುತ್ತಿರಲಿಲ್ಲ. ಅಂಥ ದ್ವೀಪದಿಂದ ಒಂದು ಮರುದನಿ ಗಿಟ್ಟಿಸುವುದೇ ನಮ್ಮಂಥ ಹವ್ಯಾಸಿಗಳಿಗೆ ಪದಕ. ಅವರು ಅಂದೇ ಸಂಜೆ ಗಂಟುಮೂಟೆ ಕಟ್ಟುವವರು. ಮತ್ತೊಮ್ಮೆ ಯಾರಾದರೂ ಅಲ್ಲಿಗೆ ಹೋಗುವಷ್ಟರಲ್ಲಿ ನಾನು ಮೇಲಿನ ಲೋಕದಿಂದಲೇ ಪ್ರಸಾರ ಮಾಡುತ್ತಿರುತ್ತೇನೆ! ಕುಳಿತಲ್ಲಿ ಕೂರಲಾಗಲಿಲ್ಲ, ನಿಂತಲ್ಲಿ ನಿಲ್ಲಲಾಗಲಿಲ್ಲ.

ಅದೇ ಮಧ್ಯಾಹ್ನ ನಮ್ಮತ್ತೆ ಸೈಮಾ ಅವರ ಎಂಬತ್ತನೇ ಹುಟ್ಟುಹಬ್ಬ. ರಸ್ತೆಯಾಚೆಯ ಚರ್ಚ್ ಸಭಾಂಗಣದಲ್ಲಿ ಕಾಫಿ, ಹಾಡು, ಪಾದ್ರಿಯ ಭಾಷಣ. ಹೆಂಡತಿ ಇರ್ಮೆಲಿ ಅಡುಗೆಮನೆಗೆ ಬಂದಾಗ ಮೇಜಿನ ಒಂದು ಕಡೆ ಸಾಲ್ಮನ್ ಮೀನು, ಕ್ರೀಮ್ ಚೀಸ್ ಹಚ್ಚಿದ ಸ್ಯಾಂಡ್‌ವಿಚ್ ಕೇಕು, ಇನ್ನೊಂದು ಕಡೆ ಹೊಟ್ಟೆ ಬಗೆದ ರೇಡಿಯೋ!

"ಏನಿದು ತೌನೊ? ಹುಟ್ಟುಹಬ್ಬದ ದಿನ ಪೋಸ್ಟ್‌ಮಾರ್ಟಮ್ಮಾ?"

"ಪವರ್ ಆಂಪ್ಲಿಫೈಯರ್ ಸತ್ತಿದೆ ಕಣೇ. ನನ್ನ ದನಿಗೆ ಬಲ ಕೊಡೋ ಭಾಗ. ಎರಡು ಟ್ರಾನ್ಸಿಸ್ಟರ್ ಹಾಕಿದ್ರೆ ಮುಗೀತು, ಕಾಲು ಗಂಟೆ!"

"ಸೌನಾ ಸ್ನಾನದ ಒಲೆ ರಿಪೇರಿಗೂ ಕಾಲು ಗಂಟೇನೇ ಅಂದಿದ್ದೆ. ಆಮೇಲೆ ಒಂದು ತಿಂಗಳು ಟವೆಲ್ ಹೊತ್ಕೊಂಡು ಪಕ್ಕದ ಮನೆಗೆ ಹೋದ್ವಿ."

"ಅದು ಒಲೆಯ ತಪ್ಪು!"

"ಇರ್ಲಿ. ಅಮ್ಮಂಗೆ ಕಾಫಿ ನೀನೇ ಬಗ್ಗಿಸ್ಬೇಕು. ಬರ್ದೇ ಇದ್ರೆ ನೋಡು... ಅಯ್ಯೋ, ಈ ಕ್ರೀಮ್ ಚೀಸ್ ಯಾಕೆ ಹೀಗೆ ಚೆಲ್ಲಿದೆ?" ಎನ್ನುತ್ತಾ ಬೆರಳು ಅದ್ದಿದಳು.

"ನೆಕ್ಕಬೇಡ! ಅದು ಟ್ರಾನ್ಸಿಸ್ಟರಿನ ಬಿಸಿ ಇಳಿಸೋಕೆ ಹಚ್ಚೋ ಪೇಸ್ಟು!"

ಬೆಂಕಿಯಿಂದ ಕೂಸನ್ನು ಎತ್ತಿಕೊಳ್ಳುವಂತೆ ಕೇಕನ್ನು ಎತ್ತಿಕೊಂಡು ಅವಳು ಹೊರಟೇಹೋದಳು.

ನಾನು ಸುಟ್ಟ ಟ್ರಾನ್ಸಿಸ್ಟರುಗಳನ್ನು ಕಿತ್ತು, ಡ್ರಾಯರಿನಲ್ಲಿದ್ದ ಹೊಸ ಜೋಡಿಯನ್ನು ಕೂರಿಸಿ ಬೆಸುಗೆ ಹಾಕಿದೆ. ಪೇಸ್ಟು ಹಚ್ಚಿದೆ, ಅವಸರದಲ್ಲಿ ಸ್ವಲ್ಪ ಮೀಸೆಗೂ ಹತ್ತಿತು. ಉಳಿದದ್ದು ಕರೆಂಟು ಹೊಂದಿಸುವ ಪುಟ್ಟ ತಿರುಪು. ತಯಾರಕರು ಹೇಳಿದ ಗುರುತಿಗೆ ನಿಲ್ಲಿಸಬೇಕಿತ್ತು. ಆದರೆ ದ್ವೀಪ ದೂರ, ಹೊತ್ತು ಕಡಿಮೆ! ಚೂರು ಹೆಚ್ಚು ತಿರುಗಿಸಿದೆ. ಮತ್ತೂ ಚೂರು. ಮೀಟರಿನ ಮುಳ್ಳು ಗೂಳಿಯಂತೆ ನುಗ್ಗಿತು.

ಮೈಕು ಹಿಡಿದು ಅರಚಿದೆ. ಫೋನು ಬಡಿದುಕೊಂಡಿತು: ಇರ್ಮೆಲಿ. ಕಾಫಿ ಆರಿದರೆ ಮತ್ತೆ ಕಾಯಿಸಬಹುದು, ದ್ವೀಪ ಹೋದರೆ? ಮತ್ತೆ ಅರಚಿದೆ. ಮತ್ತೆ ಫೋನು. ಕುರ್ಚಿಯಿಂದ ಎದ್ದು ನಿಂತು ಅರಚಿದೆ!

ಆಗ ಕೇಳಿಸಿತು ಅಮೃತವಾಣಿ: "ಫಿನ್ಲೆಂಡಿನವರು ಯಾರೋ ಇದ್ದೀರಿ. ಮತ್ತೊಮ್ಮೆ ಹೇಳಿ!"

ನಾನು ಬಾಯಿ ತೆರೆದೆ. ರೇಡಿಯೋ 'ಪಟ್' ಎಂದಿತು. ಹೊಸ ಜೋಡಿ ಹೊಗೆಯಾಗಿ ಸ್ವರ್ಗ ಸೇರಿತು.

ಅಷ್ಟರಲ್ಲಿ ಬಾಗಿಲಲ್ಲಿ ಇರ್ಮೆಲಿ, ಕೆಂಡದಂಥ ಮುಖ.

"ಏನ್ ಮಾಡ್ತಿದ್ದೆ ನೀನು? ಪಾದ್ರಿ 'ಪ್ರೀತಿಯ ಸೈಮಾ' ಅಂತಿದ್ದ ಹಾಗೇ ಸ್ಪೀಕರಿಂದ ಬಾತುಕೋಳಿ ಕೂಗು! ಮೈಕ್ ಬದಲಾಯಿಸಿದ್ರು, ಇನ್ನೂ ಜೋರಾಯ್ತು. ಮುದುಕರೆಲ್ಲ ಮೇಜಿನ ಕೆಳಗೆ ಬಾತುಕೋಳಿ ಹುಡುಕ್ತಿದ್ರು!"

ನನ್ನ ಆಂಟೆನಾ ತಂತಿ ಆ ಸಭಾಂಗಣದತ್ತಲೇ ಚಾಚಿದೆ. ಮಿತಿಮೀರಿದ ನನ್ನ ಬಲ ಅಲ್ಲಿನ ಸ್ಪೀಕರಿಗೆ ನುಗ್ಗಿ, ನನ್ನ ಗಂಭೀರ ಕಂಠ ಅಲ್ಲಿ ಕ್ವಾಕ್ ಕ್ವಾಕ್ ಆಗಿತ್ತು.

"ನಾನೇ ಅಂತ ಏನು ಸಾಕ್ಷಿ?" ಎಂದೆ. ಅವಳು ನನ್ನ ತೋಳು ಹಿಡಿದು ರಸ್ತೆ ದಾಟಿಸಿದಳು.

ಸಭಾಂಗಣವಿಡೀ ಪೇಸ್ಟಿನಿಂದ ಬಿಳಿಯಾದ ನನ್ನ ಮೀಸೆಯನ್ನೇ ನೋಡಿತು. ಅತ್ತೆಗೆ ಕಾಫಿ ಬಗ್ಗಿಸುತ್ತಾ ಕೊನೆಯ ಪ್ರಯತ್ನ ಮಾಡಿದೆ: "ಅತ್ತೆ, ಅದು ಯಾವುದೋ ಹಡಗಿನ ಸಿಗ್ನಲ್ ಇರ್ಬೇಕು."

"ಮೊದಲು ನಾನೂ ಬಾತುಕೋಳಿ ಅಂತಲೇ ಅಂದ್ಕೊಂಡೆ ಕಣಪ್ಪ" ಎಂದು ಅತ್ತೆ ಶಾಂತವಾಗಿ ಸಕ್ಕರೆ ಕಲಕಿದರು. "ಆಮೇಲೆ ಗಮನ ಇಟ್ಟು ಕೇಳಿದೆ. ಬೇರೆಯವರಿಗೆ ಮಾತಾಡೋಕೆ ಬಿಡ್ತಿಲ್ಲ, ಹೇಳಿದ್ರಲ್ಲಿ ಒಂದಕ್ಷರ ಅರ್ಥ ಆಗ್ತಿಲ್ಲ. ತಕ್ಷಣ ಪಾದ್ರಿಗೆ ಹೇಳಿದೆ: ಗಾಬರಿ ಆಗ್ಬೇಡಿ, ನಮ್ಮಳಿಯ!"