ಮೆರಿಡಿಯಾದ ಎಡಪಕ್ಕ

ಎಲ್ಮರ್ ಕೊವಾಕನ ಗ್ರಹಚಾರ ಕೆಟ್ಟಿದ್ದು ಯಜಮಾನರ ಬಾಯಿಂದ ಬಿದ್ದ ಒಂದೇ ಒಂದು ಮಾತಿನಿಂದ: "ಎಡಗಡೇದು!"

ಡೆಟ್ರಾಯಿಟಿನ ಆ ಕಾರ್ಖಾನೆಯಲ್ಲಿ 'ಮೆರಿಡಿಯಾ' ಎಂಬ ಹೊಸ ಕಾರಿನ ಮಾದರಿ ಜೇಡಿಮಣ್ಣಿನಲ್ಲಿ ಸಿದ್ಧವಾಗಿತ್ತು. ಕಾರು ಒಂದೇ, ಪಕ್ಕ ಮಾತ್ರ ಎರಡು ಥರ. ಎಡಪಕ್ಕ ಎಲ್ಮರನದು, ಹಿಂದೆ ಮೀನಿನ ರೆಕ್ಕೆಯಂಥದು ಎದ್ದು ನಿಂತಿತ್ತು. ಬಲಪಕ್ಕ ಸಹೋದ್ಯೋಗಿ ಡೆಕ್ಸ್ಟರನದು, ಬಳಸಿದ ಸೋಪಿನ ಹಾಗೆ ನುಣ್ಣಗಿತ್ತು. ಯಜಮಾನರು ಯಾವುದನ್ನು ಒಪ್ಪುತ್ತಾರೋ ಕಾರಿನ ಎರಡೂ ಕಡೆಗೆ ಅದೇ. ವರ್ಷಗಟ್ಟಲೆ ಬಾಗಿಲ ಹಿಡಿಗಳನ್ನೇ ಕೆತ್ತಿಕೊಂಡಿದ್ದ ಎಲ್ಮರನಿಗೆ ಇದೇ ಮೊದಲ ಅವಕಾಶ.

ಯಜಮಾನ ಹಾಲಿಸ್ಟರ್ ಬಂದರು. ಬಾಗಿಲ ಬಳಿಯೇ ನಿಂತು ಮುಖ ಹಿಂಡಿದರು. ಕಾರ್ಯದರ್ಶಿಗೆ "ಎಡಗಡೇದು, ಎಡಗಡೇದೇ" ಎಂದವರು ಹೊರಟೇಹೋದರು.

"ಗೆದ್ದೆ!" ಎಂದ ಎಲ್ಮರ್.

"ಸುಮ್ನಿರಯ್ಯ. ಅವರು ಕಾರಿಗೆ ಎದುರಾಗಿ ನಿಂತಿದ್ರು. ಅವರ ಎಡಗಡೆ ಅಂದ್ರೆ ನಂದು," ಎಂದ ಡೆಕ್ಸ್ಟರ್.

ಇಡೀ ವಿಭಾಗ ಕೆಲಸ ಬಿಟ್ಟು ಪಂಚಾಯ್ತಿಗೆ ಕೂತಿತು. ಒಬ್ಬ ಯಜಮಾನರಂತೆ ನಿಂತ, ಇನ್ನೊಬ್ಬ ಕಾರಿನಂತೆ ಬಗ್ಗಿದ, ಮೂರನೆಯವ ಗಿರಗಿರ ತಿರುಗಿ ಮಣ್ಣಿನ ಬುಟ್ಟಿಯೊಳಗೆ ಕುಕ್ಕರಿಸಿದ. ಕೊನೆಗೆ ಮೇಲ್ವಿಚಾರಕ ಪ್ರೆಂಟಿಸ್, "ಕಾರಿನ ಎಡ ಅಂದ್ರೆ ಡ್ರೈವರ್ ಎಡ. ಎಲ್ಮರಂದೇ. ಮುಗೀತು!" ಎಂದ.

ಎಲ್ಮರ್ ಮನೆಗೆ ಫೋನ್ ಮಾಡಿ, ಹೊಸ ಕಾರಲ್ಲಿ ತನ್ನ ಪಕ್ಕವೇ ಗೆದ್ದಿತು ಎಂದ. ಊಟದ ಹೊತ್ತಿಗೆ ಹೆಂಡತಿ ಬರ್ನೀಸ್ ಬೀದಿಗೆಲ್ಲ ಸಾರಿಬಿಟ್ಟಿದ್ದಳು.

"ಹೋಗಿ ಯಜಮಾನ್ರಿಗೊಂದು ಥ್ಯಾಂಕ್ಸ್ ಹೇಳ್ಬಾರಯ್ಯ, ಅಷ್ಟೂ ಗೊತ್ತಾಗಲ್ವಾ?" ಎಂದು ಗೆಳೆಯರು ಅವನನ್ನು ಮಹಡಿಗೆ ತಳ್ಳಿದರು.

ಹಾಲಿಸ್ಟರ್ ಬಿಸಿನೀರಿನಲ್ಲಿ ಕಾಲಿಟ್ಟು ಕೂತಿದ್ದರು.

"ಎಡಗಡೇದನ್ನ ಒಪ್ಪಿದ್ರಲ್ಲ ಸಾರ್, ದೊಡ್ಡ ಉಪಕಾರ ಆಯ್ತು."

"ಒಪ್ಪೋದೇನ್ ಬಂತು? ಕಚ್ಚಿ ಕಚ್ಚಿ ಸಾಯಿಸ್ತು! ಹೊಸ ಶೂ ಕಣಯ್ಯ, ಎಡಗಡೇದು. ನಿಮ್ಮ ಕಾರಿಗೊಂದು ಸುತ್ತು ಹಾಕೋಕೂ ಬಿಡಲಿಲ್ಲ. ಬಾಗಿಲ ಹತ್ರದಿಂದ ಒಂದು ಪಕ್ಕ ಕಂಡಿದ್ದಷ್ಟೇ. ನುಣ್ಣಗೆ ಚೆನ್ನಾಗಿತ್ತು, ಅದನ್ನೇ ಮಾಡಿ. ನೀನು ಬಂದಿದ್ದು ಒಳ್ಳೇದಾಯ್ತು. ಇಲ್ದಿದ್ರೆ ಪ್ರೆಂಟಿಸ್ ಯಾವುದನ್ನ ತಂದ್ರೂ ರುಜು ಹಾಕ್ಬಿಡ್ತಿದ್ದೆ!"

ಮೆರಿಡಿಯಾದ ಮೇಲಿನ ಪರದೆ ಸರಿದ ದಿನ ಜನ ಚಪ್ಪಾಳೆ ತಟ್ಟಿದ್ದೇ ತಟ್ಟಿದ್ದು. ಎರಡೂ ಪಕ್ಕ ನುಣ್ಣಗೆ ಹೊಳೆಯುತ್ತಿದ್ದವು. ಕಾರು ನಿಜಕ್ಕೂ ಚೆಂದವಿತ್ತು, ಎಲ್ಮರನೂ ಮನಸಾರೆ ತಟ್ಟಿದ. ಮನೆಯಲ್ಲಿ ಸತ್ಯ ಹೇಳುವುದಕ್ಕೆ ಮಾತ್ರ ಅವನಿಗೆ ಇನ್ನೂ ಬಾಯಿ ಬಂದಿರಲಿಲ್ಲ.

ಬರ್ನೀಸ್ ನೆರೆಹೊರೆಯವರನ್ನೆಲ್ಲ ಕಟ್ಟಿಕೊಂಡು ಬಂದಿದ್ದಳು. "ನಿಮ್ದು ಯಾವ ಪಕ್ಕ ರೀ?"

"ಆ... ಆ ಕಡೇದು."

ದಂಡು ಕಾರನ್ನು ಸುತ್ತು ಹಾಕಿತು. ಡೆಕ್ಸ್ಟರ್ ಅಲ್ಲೇ ನಿಂತಿದ್ದ.

"ನೋಡಿ, ನೋಡಿ!" ಬರ್ನೀಸ್ ಬಿಟ್ಟು ಬಂದ ಪಕ್ಕದತ್ತ ಕೈ ಬೀಸಿ ಗಟ್ಟಿಯಾಗಿ ಹೇಳಿದಳು. "ಅದೂ ಒಂದು ಪಕ್ಕಾನಾ? ನಮ್ಮವರದರ ಮುಂದೆ ನಿವಾಳಿಸಿ ಎಸೀಬೇಕು!"