ಟೀಪಾಯಿಯ ಮೇಲೆ ನಿಂತ ಸೋಫಾ

ಕಳೆದ ತಿಂಗಳು ನಾನು ಹಲ್ಲಿನ ಡಾಕ್ಟರ ಬಳಿಗೆ ನಾಲ್ಕು ಸಲ ಹೋದೆ. ನನ್ನ ಹಲ್ಲುಗಳಲ್ಲಿ ಯಾವ ದೋಷವೂ ಇಲ್ಲ. ಎಲ್ಲವೂ ಹುಟ್ಟಿದ ಜಾಗದಲ್ಲೇ ಗಟ್ಟಿಯಾಗಿ ನಿಂತಿವೆ. ಇದನ್ನು ಡಾಕ್ಟರೇ ಮೊದಲ ಮೂರು ಸಲವೂ ಹೇಳಿದರು. ನಾನು ಅಲ್ಲಿಗೆ ಹೋದದ್ದು ಬಾಯಿ ತೆರೆಯುವುದಕ್ಕಲ್ಲ, ಕೂರುವುದಕ್ಕೆ. ಯಾಕೆಂದರೆ ನನ್ನ ಕುರ್ಚಿ ಈಗ ಅಲ್ಲಿದೆ. ಅದು ಅಲ್ಲಿಗೆ ಹೇಗೆ ಹೋಯಿತು ಎಂದು ವಿವರಿಸುವಾಗ ತಪ್ಪನ್ನೆಲ್ಲ ಫೋನಿನ ಮೇಲೆ ಹಾಕಬೇಕೆಂದು ನಿರ್ಧರಿಸಿಕೊಂಡೇ ಶುರುಮಾಡುತ್ತಿದ್ದೇನೆ. ಓದಿದ ಮೇಲೆ ನಿಮಗೆ ಬೇರೇನಾದರೂ ಅನ್ನಿಸಿದರೆ ದಯವಿಟ್ಟು ನಿಮ್ಮಲ್ಲೇ ಇಟ್ಟುಕೊಳ್ಳಿ.

ಅದು ಬೆತ್ತದ ಆರಾಮ ಕುರ್ಚಿ. ನಮ್ಮ ಮನೆಯ ಹಾಲಿನಲ್ಲಿ, ಕಿಟಕಿಯ ಪಕ್ಕ ಅದರ ಸ್ಥಾನ. ಅದರ ಬಲಗೈಯ ಮೇಲೆ ನನ್ನ ಕಾಫಿ ಲೋಟ ಬಿಟ್ಟ ದುಂಡನೆಯ ಕಲೆಗಳಿವೆ. ಬೆತ್ತವು ವರ್ಷಗಟ್ಟಲೆ ನನ್ನ ಭಾರ ಹೊತ್ತು, ನನ್ನ ಬೆನ್ನಿನ ಅಚ್ಚನ್ನೇ ಪಡೆದಿದೆ. ಬೇರೆ ಯಾರಾದರೂ ಕೂತರೆ ಕಿರ್ರೆಂದು ಪ್ರತಿಭಟಿಸುತ್ತದೆ. ನಾನು ಕೂತರೆ ನಿಟ್ಟುಸಿರು ಬಿಡುತ್ತದೆ. (ನಾನೂ ಬಿಡುತ್ತೇನೆ. ಯಾರದು ಮೊದಲು ಎಂದು ಹೇಳುವುದು ಕಷ್ಟ.) ಸಂಜೆ ಕೆಲಸದಿಂದ ಬಂದು ಅದರಲ್ಲಿ ಒರಗಿ, ಪತ್ರಿಕೆಯನ್ನು ಮುಖದ ಮೇಲೆ ಹೊದ್ದುಕೊಂಡರೆ ಲೋಕದ ವ್ಯವಹಾರಗಳೆಲ್ಲ ತಾವಾಗಿಯೇ ಸರಿಹೋಗುತ್ತಿದ್ದವು.

ನಾನು ಕೆಲಸ ಮಾಡುವುದು ಅಳತೆಯ ಉಪಕರಣಗಳನ್ನು ಪರೀಕ್ಷಿಸುವ ಪ್ರಯೋಗಾಲಯದಲ್ಲಿ. ತಕ್ಕಡಿ, ಥರ್ಮಾಮೀಟರು, ಅಳತೆ ಟೇಪು ಎಲ್ಲವೂ ನಮ್ಮಲ್ಲಿಗೆ ಬಂದು ಸತ್ಯಪರೀಕ್ಷೆಗೆ ಒಳಗಾಗುತ್ತವೆ. ಕೂದಲೆಳೆಯಷ್ಟು ಸುಳ್ಳು ಹೇಳಿದರೂ ವಾಪಸು ಕಳಿಸುತ್ತೇನೆ. ಹೀಗಾಗಿ ಮನೆಯಲ್ಲಿ ಅಳತೆಯ ವಿಷಯಕ್ಕೆ ನನ್ನ ಮಾತೇ ಕೊನೆಯ ಮಾತು. ಮಿಕ್ಕ ವಿಷಯಗಳಿಗೆ ನನ್ನನ್ನು ಕೇಳುವ ರೂಢಿಯಿಲ್ಲ.

ನನ್ನ ಹೆಂಡತಿ ಒಂದು ಕೊರಿಯರ್ ಕಂಪನಿಯ ದೂರು ವಿಭಾಗದಲ್ಲಿದ್ದಾಳೆ. ದಿನವಿಡೀ ಫೋನಿನಲ್ಲಿ ಜನರ ಕೂಗಾಟ ಕೇಳುವುದು ಅವಳ ಕೆಲಸ. ಅವಳು ತಿರುಗಿ ಕೂಗುವುದಿಲ್ಲ. "ಹೌದಾ" ಎಂದು ಹೇಳಿ ಸುಮ್ಮನಾಗುತ್ತಾಳೆ. ಆ ಮೌನದಲ್ಲಿ ಎದುರಿನವರು ಸ್ವಲ್ಪ ಹೊತ್ತು ಒದ್ದಾಡಿ, ತಾವೇ ವಿಳಾಸ ತಪ್ಪು ಬರೆದದ್ದೆಂದು ಒಪ್ಪಿಕೊಂಡು, ಥ್ಯಾಂಕ್ಸ್ ಹೇಳಿ ಫೋನಿಡುತ್ತಾರಂತೆ. ಈ ವಿದ್ಯೆಯನ್ನು ಅವಳು ಕಚೇರಿಯಲ್ಲೇ ಬಿಟ್ಟು ಬರುವುದಿಲ್ಲ.

ನಮ್ಮ ಜೊತೆಗಿರುವ ಮೂರನೆಯವರು ನನ್ನ ಅತ್ತೆ. ಶಾಲೆಯಲ್ಲಿ ವ್ಯಾಯಾಮ ಶಿಕ್ಷಕಿಯಾಗಿದ್ದು ನಿವೃತ್ತರಾದವರು. ಸೀಟಿಯನ್ನು ಶಾಲೆಗೆ ಒಪ್ಪಿಸಿ ಬಂದರೂ ಅದರ ಧ್ವನಿ ಅವರ ಗಂಟಲಿನಲ್ಲೇ ಉಳಿದಿದೆ. ನನ್ನ ಕುರ್ಚಿಯನ್ನು ಅವರು ಕರೆಯುವುದು 'ಬೆನ್ನುಮೂಳೆಯ ಶತ್ರು' ಎಂದು.

ಒಂದು ಸಂಜೆ ಹೆಂಡತಿ ಊಟದ ಮೇಜಿನ ಕುರ್ಚಿಯಲ್ಲಿ ಕೂತು ಸೊಂಟ ತಿಕ್ಕಿಕೊಳ್ಳುತ್ತಾ ಹೇಳಿದಳು, "ರೀ, ಒಂದು ಸೋಫಾ ತಗೊಳ್ಳೋಣ. ಮನೇಲಿ ಮೂರು ಜನ ಇದ್ದೀವಿ. ನೀವು ಕಿಟಕಿ ಹತ್ರ, ಅಮ್ಮ ಮಂಚದ ಮೇಲೆ, ನಾನಿಲ್ಲಿ. ಮೂರು ಊರಲ್ಲಿರೋ ಥರ ಇದ್ದೀವಿ."

"ಹಾಲ್‌ನಲ್ಲಿ ಜಾಗ ಎಲ್ಲಿದೆ?" ಎಂದೆ.

"ಅದನ್ನ ನೀವೇ ನೋಡಿ ಹೇಳಿ. ಅಳತೆಯವರು ನೀವು. ಈಗ ಫೋನಲ್ಲೇ ಇಟ್ಟು ನೋಡಬಹುದಂತೆ."

ಅದು ನಿಜ. ಅವಳು ನೋಡಿದ್ದ ಸೋಫಾ ಅಂಗಡಿಯ ಆ್ಯಪ್‌ನಲ್ಲಿ 'ನಿಮ್ಮ ಮನೆಯಲ್ಲಿ ನೋಡಿ' ಎಂಬ ಗುಂಡಿಯಿದೆ. ಒತ್ತಿದರೆ ಕ್ಯಾಮೆರಾ ತೆರೆದುಕೊಳ್ಳುತ್ತದೆ. ಫೋನನ್ನು ನೆಲದತ್ತ ಹಿಡಿದು ನಿಧಾನವಾಗಿ ಅತ್ತಿತ್ತ ಆಡಿಸಬೇಕು. ನೆಲ ಎಲ್ಲಿದೆಯೆಂದು ಅದಕ್ಕೆ ತಿಳಿದೊಡನೆ ಪರದೆಯ ಮೇಲೆ ಬಿಳಿ ಚುಕ್ಕಿಗಳು ಹರಡುತ್ತವೆ. ಚುಕ್ಕಿಗಳ ಮೇಲೆ ಬೆರಳಿಟ್ಟರೆ ಸೋಫಾ ತನ್ನ ನಿಜವಾದ ಅಳತೆಯಲ್ಲಿ ನಮ್ಮದೇ ಹಾಲಿನಲ್ಲಿ, ನಮ್ಮದೇ ಗೋಡೆಗೆ ಒರಗಿ ಕಾಣಿಸಿಕೊಳ್ಳುತ್ತದೆ. ಹೊರುವವರಿಲ್ಲ, ಬಾಗಿಲಿಗೆ ಗೀರು ಬೀಳುವುದಿಲ್ಲ.

ಮರುದಿನ ಮನೆಯಲ್ಲಿ ಯಾರೂ ಇಲ್ಲದಾಗ ಪ್ರಯೋಗ ನಡೆಸಿದೆ. ಬೂದು ಬಣ್ಣದ, ಮೂವರು ಕೂರುವ ಸೋಫಾ ಗೋಡೆಯ ಉದ್ದಕ್ಕೆ ಹೇಳಿ ಮಾಡಿಸಿದಂತೆ ಬಂದು ಕೂತಿತು. ಅದೇ ತೊಂದರೆ. ಜಾಗದಲ್ಲಿ ಹಿಡಿಸಿದರೆ ಸೋಫಾ ಬರುತ್ತದೆ. ಹೊಸ ಸೋಫಾ ಬಂದ ಮನೆಯಲ್ಲಿ ಹಳೆಯ ಕುರ್ಚಿ ಉಳಿದ ಉದಾಹರಣೆ ನನ್ನ ಗಮನಕ್ಕೆ ಬಂದಿಲ್ಲ. ಮೊದಲು ಬಾಲ್ಕನಿಗೆ, ಆಮೇಲೆ ಮೆಟ್ಟಿಲ ಕೆಳಗೆ, ಆಮೇಲೆ ಎಲ್ಲಿಗೋ. ನಮ್ಮ ಮನೆಯಲ್ಲೂ ಹಾಗೇ ಆಗುತ್ತದೆಯೇ ಎಂದು ಹೆಂಡತಿಯನ್ನು ಒಂದು ಮಾತು ಕೇಳಬಹುದಿತ್ತು. ಏನನ್ನೂ ಅಳೆಯದೆ ನಂಬದ ನಾನು ಇದನ್ನು ಮಾತ್ರ ಕೇಳದೆಯೇ ನಂಬಿದೆ.

ಸೋಫಾವನ್ನು ಅಳಿಸಿ ಚಿಂತಾಕ್ರಾಂತನಾಗಿ ಫೋನು ಆಡಿಸುತ್ತಿದ್ದಾಗ ಆ ಮಹಾ ಆವಿಷ್ಕಾರ ನಡೆಯಿತು. ಚುಕ್ಕಿಗಳು ಈ ಸಲ ನೆಲದ ಮೇಲಲ್ಲ, ಹಾಲಿನ ನಡುವಿದ್ದ ಟೀಪಾಯಿಯ ಮೇಲೆ ಹರಡಿದವು. ಫೋನು ಟೀಪಾಯಿಯನ್ನೇ ನೆಲವೆಂದು ತಿಳಿದಿತ್ತು. ಬೆರಳಿಟ್ಟೆ. ಅದೇ ಸೋಫಾ ಬಂತು, ಆದರೆ ಕ್ಯಾಮೆರಾಕ್ಕೆ ಅಷ್ಟು ಹತ್ತಿರ ಏರಿ ನಿಂತದ್ದರಿಂದ ಸುಮಾರು ಒಂದೂವರೆ ಪಟ್ಟು ಹಿಗ್ಗಿ ಕಂಡಿತು. ಒಂದು ತುದಿ ಪುಸ್ತಕದ ಕಪಾಟನ್ನು ಮುಚ್ಚಿತ್ತು, ಇನ್ನೊಂದು ತುದಿ ಕಿಟಕಿಯ ಬಳಿ ನನ್ನ ಕುರ್ಚಿಯ ತಲೆಯ ಮೇಲಿತ್ತು. ಎಲ್ಲಕ್ಕಿಂತ ಸೊಗಸೆಂದರೆ ಸೋಫಾದ ಚಿತ್ರ ತಾನು ನಿಂತ ಟೀಪಾಯಿಯನ್ನೇ ಪೂರ್ತಿ ನುಂಗಿಹಾಕಿತ್ತು. ಸಾಕ್ಷ್ಯ ತನ್ನನ್ನು ತಾನೇ ನಾಶಮಾಡಿಕೊಳ್ಳುವ ಅಪರೂಪದ ಪ್ರಯೋಗ.

ಸಂಜೆ ಇಬ್ಬರನ್ನೂ ಕರೆದೆ. ಟೀಪಾಯಿಗೆ ಫೋನು ಹಿಡಿದು, ಮುಖದಲ್ಲಿ ಪ್ರಯೋಗಾಲಯದ ಗಾಂಭೀರ್ಯ ತಂದುಕೊಂಡು, ಸೋಫಾವನ್ನು ಪ್ರತ್ಯಕ್ಷಗೊಳಿಸಿದೆ.

ಹೆಂಡತಿ ಪರದೆಯನ್ನು ನೋಡಿದಳು. "ಇಷ್ಟು ದೊಡ್ಡದಾ?"

"ನನಗೂ ಬೇಜಾರೇ. ಏನು ಮಾಡೋದು, ಅಳತೆ ಅಂದ್ರೆ ಅಳತೆ."

"ಎಲ್ಲಿ, ನಾನು ಕೂತು ನೋಡ್ತೀನಿ," ಎಂದರು ಅತ್ತೆ.

"ಅತ್ತೆ, ಅದು ಇಲ್ಲ. ಬರೀ ಚಿತ್ರ."

"ಇಲ್ಲದೇ ಇದ್ರೇನು? ಮಕ್ಕಳಿಗೆ ಇಲ್ಲದ ಕುರ್ಚಿ ಮೇಲೆ ಕೂರೋದನ್ನ ಹೇಳಿಕೊಟ್ಟವಳು ನಾನು." ಅವರು ಹೋಗಿ ಗೋಡೆಯ ಮುಂದೆ ನಿಂತು, ಬೆನ್ನು ನೇರ ಮಾಡಿ, ಮಂಡಿ ಮಡಚಿ, ಗಾಳಿಯ ಮೇಲೆ ಕೂತರು. ಪರದೆಯಲ್ಲಿ ಸೋಫಾ ಅವರನ್ನೂ ನುಂಗಿ ತಲೆಯನ್ನಷ್ಟೇ ಬಿಟ್ಟಿತ್ತು. ಆ ತಲೆ ಅತ್ತಿತ್ತ ತಿರುಗಿ, "ಚೆನ್ನಾಗಿದೆ. ಬೆನ್ನಿಗೆ ಒಳ್ಳೇದು," ಎಂದಿತು.

"ಅಮ್ಮಾ, ಹಾಗೇ ಇರು, ಒಂದು ಫೋಟೋ. ಅಕ್ಕನಿಗೆ ಕಳಿಸ್ತೀನಿ," ಎಂದು ಹೆಂಡತಿ ನನ್ನ ಕೈಯಲ್ಲಿದ್ದ ಫೋನಿನ ಗುಂಡಿ ಒತ್ತಿದಳು. ಮೂವರೂ ನಕ್ಕೆವು. ನಾನು ಸ್ವಲ್ಪ ಹೆಚ್ಚೇ ನಕ್ಕೆ.

ನಗು ನಿಂತ ಮೇಲೆ ಅವಳು ಕೇಳಿದಳು, "ಅಂದ್ರೆ ಸೋಫಾ, ಕುರ್ಚಿ ಎರಡೂ ಒಟ್ಟಿಗೆ ಹಿಡಿಸಲ್ಲ."

"ಸಾಧ್ಯವೇ ಇಲ್ಲ."

"ಖಚಿತಾನಾ?"

"ನೀನೇ ನೋಡಿದೆಯಲ್ಲ. ಎರಡರಲ್ಲಿ ಒಂದೇ."

"ಹೌದಾ," ಎಂದಳು. ಆ ಮೌನವನ್ನು ನಾನು ದುಃಖ ಎಂದುಕೊಂಡೆ.

ಮರುದಿನ ಸಂಜೆ ಬಾಗಿಲು ತೆರೆದು, ಚೀಲ ಕೆಳಗಿಟ್ಟು, ಎಂದಿನಂತೆ ಕಿಟಕಿಯ ಕಡೆ ಹೋಗಿ, ಎಂದಿನಂತೆ ಹಿಂದೆ ನೋಡದೆ ಕೂರಲು ಹೋದೆ. ಅತ್ತೆ ಅಲ್ಲಿ ಇರದಿದ್ದರೆ ಇಂದು ಈ ಕಥೆಯನ್ನು ಮಲಗಿಕೊಂಡು ಬರೆಯಬೇಕಾಗುತ್ತಿತ್ತು. ಅವರು ಸಮಯಕ್ಕೆ ಸರಿಯಾಗಿ ನನ್ನ ರಟ್ಟೆ ಹಿಡಿದರು.

"ಕುರ್ಚಿ ಎಲ್ಲಿ?" ಎಂದೆ.

"ಕೆಳಗಡೆ ಹಲ್ಲಿನ ಡಾಕ್ಟ್ರಿಗೆ ಕೊಟ್ಟೆ," ಎಂದಳು ಹೆಂಡತಿ ಅಡುಗೆಮನೆಯಿಂದ. "ಕಾಯೋರಿಗೆ ಕುರ್ಚಿ ಸಾಲಲ್ಲ ಅಂತ ಹೇಳ್ತಾ ಇದ್ರು. ಸೋಫಾ ಆರ್ಡರ್ ಆಯ್ತು."

"ಆದ್ರೆ ಸೋಫಾ ಹಿಡಿಸಲ್ಲ ಅಂತ ನಿನ್ನೆ ತಾನೇ..."

"ಎರಡೂ ಒಟ್ಟಿಗೆ ಹಿಡಿಸಲ್ಲ ಅಂದ್ರಿ. ಎರಡರಲ್ಲಿ ಒಂದೇ ಅಂದ್ರಿ. ಮೂರು ಜನ ಕೂರೋದು ಮುಖ್ಯವಾ, ಒಬ್ಬರು ನಿದ್ದೆ ಮಾಡೋದು ಮುಖ್ಯವಾ?" ಅವಳು ಕೈ ಒರೆಸಿಕೊಳ್ಳುತ್ತಾ ಹೊರಗೆ ಬಂದಳು. ಅವಳ ಮುಖವೂ ಸ್ವಲ್ಪ ಸಪ್ಪಗಿತ್ತು. "ನನಗೂ ಮನಸ್ಸಿರಲಿಲ್ಲ ಕಣ್ರೀ. ನಿಮ್ಮ ಕುರ್ಚಿ ಅಲ್ಲೇ ಇರಲಿ ಅಂತಲೇ ಇದ್ದೆ. ಅದಕ್ಕೆ ಅಂತ ಬೂದು ಬಣ್ಣದ ಮೆತ್ತೆ ಕೂಡ ತರಿಸಿಟ್ಟಿದ್ದೆ, ಸೋಫಾಗೆ ಹೊಂದೋ ಹಾಗೆ. ಅಳತೆ ನಿಮ್ಮದಲ್ವಾ, ಇನ್ನೇನು ಹೇಳೋದು. ಮೆತ್ತೇನೂ ಅದರ ಜೊತೆಗೇ ಕೊಟ್ಟುಬಿಟ್ಟೆ."

ನಾನು ಹೇಳಬೇಕಾದದ್ದು ಇದ್ದುದು ಒಂದೇ, ಅದನ್ನು ಹೇಳುವ ಧೈರ್ಯವಿರಲಿಲ್ಲ.

ಸೋಫಾ ಬಂತು. ಇಬ್ಬರು ಹೊತ್ತು ತಂದು ಗೋಡೆಗೆ ಸೇರಿಸಿ, ಸಹಿ ಹಾಕಿಸಿಕೊಂಡು ಹೋದರು. ಸೋಫಾದ ತುದಿಗೂ ಕಿಟಕಿಗೂ ನಡುವೆ ಒಂದು ಖಾಲಿ ಜಾಗ ಉಳಿಯಿತು. ಅದರ ಅಗಲವನ್ನು ನಾನು ಅಳೆಯಬೇಕಾಗಿರಲಿಲ್ಲ. ಆ ಜಾಗದ ನೆಲದ ಮೇಲೆ ನನ್ನ ಕುರ್ಚಿಯ ನಾಲ್ಕು ಕಾಲುಗಳ ಗುರುತು ಹಾಗೇ ಇತ್ತು, ಒಂದನ್ನೂ ಸೋಫಾ ಮುಟ್ಟಿರಲಿಲ್ಲ.

ಹೆಂಡತಿ ಖಾಲಿ ಜಾಗ ನೋಡಿದಳು. ನನ್ನನ್ನು ನೋಡಿದಳು. ನನ್ನ ಫೋನು ಕೈಗೆತ್ತಿಕೊಂಡು ಅಂದಿನ ಫೋಟೋ ಹುಡುಕಿ ನನ್ನ ಮುಂದೆ ಹಿಡಿದಳು. ಭಾರಿ ಸೋಫಾ, ಅದರ ಮೇಲೊಂದು ಅತ್ತೆಯ ತಲೆ.

"ಇದರಲ್ಲಿ ನಮ್ಮ ಟೀಪಾಯಿ ಎಲ್ಲಿದೆ?"

"ಟೀಪಾಯಿ," ಎಂದೆ. "ಟೀಪಾಯಿ ಅಲ್ಲೇ ಎಲ್ಲೋ..."

"ಹೌದಾ."

ಮೌನ. ಊರವರೆಲ್ಲ ಯಾಕೆ ವಿಳಾಸ ತಪ್ಪು ಬರೆದೆವೆಂದು ಒಪ್ಪಿಕೊಳ್ಳುತ್ತಾರೆಂದು ನನಗೆ ಆಗ ಅರ್ಥವಾಯಿತು. ಫೋನಿನ ಚುಕ್ಕಿ, ಟೀಪಾಯಿಯ ಎತ್ತರ, ಒಂದೂವರೆ ಪಟ್ಟು, ಎಲ್ಲವನ್ನೂ ಹೇಳಿಬಿಟ್ಟೆ. ಹೇಳುವಾಗ ಗಾಳಿಯಲ್ಲಿ ಕೋನಗಳನ್ನೂ ಬರೆದು ತೋರಿಸಿದೆ ಎಂದು ಅತ್ತೆ ಆಮೇಲೆ ಹೇಳಿದರು.

ಹೆಂಡತಿಯ ಭುಜ ಅಲುಗಾಡತೊಡಗಿತು. ಅಳುತ್ತಿದ್ದಾಳೆಂದು ಹೆದರಿದೆ. ಅವಳು ಹೊಸ ಸೋಫಾದ ಮೇಲೆ ಕುಸಿದು, ಮುಖ ಮುಚ್ಚಿಕೊಂಡು ನಗುತ್ತಿದ್ದಳು. "ಕುರ್ಚಿ ಉಳಿಸಿಕೊಳ್ಳೋಕೆ ಹೋಗಿ," ಎನ್ನುತ್ತಿದ್ದಳು, ಮುಂದಿನ ಮಾತು ನಗುವಿನಲ್ಲಿ ಹೋಗುತ್ತಿತ್ತು, ಮತ್ತೆ ಮೊದಲಿನಿಂದ, "ಕುರ್ಚಿ ಉಳಿಸಿಕೊಳ್ಳೋಕೆ ಹೋಗಿ..."

ನಗು ಇಳಿದ ಮೇಲೆ ನಾವಿಬ್ಬರೂ ಕೆಳಗೆ ಹೋಗಿ ಡಾಕ್ಟರನ್ನು ಕೇಳಿದೆವು. ಅವರು ಬಹಳ ಸಂಕೋಚದಿಂದ ಹೇಳಿದರು, "ವಾಪಸ್ ಬೇಕಾ? ಕೊಡೋಣ, ಅದಕ್ಕೇನು. ಆದ್ರೆ ಅದು ಬಂದ ಮೇಲೆ ಯಾರೂ ಹೆದರಿ ಓಡಿಹೋಗಿಲ್ಲ ನೋಡಿ. ನಿನ್ನೆ ಒಬ್ಬರು ಎಷ್ಟು ಚೆನ್ನಾಗಿ ನಿದ್ದೆ ಮಾಡಿದ್ರು ಅಂದ್ರೆ, ಎಬ್ಬಿಸೋಕೇ ಮನಸ್ಸು ಬರಲಿಲ್ಲ." ಇದನ್ನು ಕೇಳಿದ ಮೇಲೆ ನನ್ನ ಹೆಂಡತಿ, "ಅಯ್ಯೋ, ಇಲ್ಲೇ ಇರಲಿ ಬಿಡಿ," ಎಂದಳು. ಮೆಟ್ಟಿಲು ಹತ್ತುವಾಗ ನನಗೆ ಹೇಳಿದಳು, "ಕೊಟ್ಟಿದ್ದನ್ನ ಕೇಳೋಕೆ ನನಗೆ ಮುಖ ಇಲ್ಲ. ನಿಮ್ಮ ಲೆಕ್ಕಕ್ಕೆ ನೀವೇ ಜವಾಬ್ದಾರಿ."

ಖಾಲಿ ಜಾಗ ಹಾಗೇ ಉಳಿಯಿತು. ಆದರೆ ಹೆಚ್ಚು ದಿನ ಖಾಲಿ ಇರಲಿಲ್ಲ. ಅತ್ತೆ ಒಂದು ಸಂಜೆ ಅದರ ಮುಂದೆ ಸೊಂಟಕ್ಕೆ ಕೈಯಿಟ್ಟು ನಿಂತು, "ಅಳಿಯಂದಿರೇ, ನಿಮಗೆ ಇಲ್ಲಿ ಕೂತು ಅಭ್ಯಾಸ ಅಲ್ವಾ?" ಎಂದರು. ಆ ಧ್ವನಿಯ ಮೃದುತ್ವಕ್ಕೆ ನಾನು ಮೋಸಹೋದೆ. ಹೌದೆಂದೆ.

"ಹಾಗಾದ್ರೆ ವ್ಯಾಯಾಮದ ಸೈಕಲ್ ಹಾಕೋಣ. ಅದಕ್ಕೂ ಸೀಟಿರುತ್ತೆ."

ಹೆಂಡತಿ ಆಗಲೇ ಫೋನು ತೆರೆದಿದ್ದಳು. ನಾನು ಸಹಾಯಕ್ಕೆಂದು ಕೈ ಚಾಚಿದೆ.

"ಬೇಡ," ಎಂದಳು. "ಈ ಸಲ ಫೋನು ನಾನು ಹಿಡೀತೀನಿ. ನೀವು ಟೀಪಾಯಿಯಿಂದ ದೂರ ನಿಂತ್ಕೊಳ್ಳಿ."

ಚುಕ್ಕಿಗಳು ನೆಲದ ಮೇಲೆಯೇ ಹರಡಿದವು. ಸೈಕಲ್ ಆ ಜಾಗದಲ್ಲಿ ಎಷ್ಟು ಕರಾರುವಾಕ್ಕಾಗಿ ಕೂತಿತೆಂದರೆ, ವೃತ್ತಿಧರ್ಮಕ್ಕಾದರೂ ನಾನು ಮೆಚ್ಚಬೇಕಾಯಿತು.

ಅಂದಿನಿಂದ ಸಂಜೆ ನಾನು ಕಿಟಕಿಯ ಪಕ್ಕ ಕೂತು ಪೆಡಲು ತುಳಿಯುತ್ತೇನೆ. ಅತ್ತೆ ಸೋಫಾದಿಂದ, "ಬೆನ್ನು ನೇರ," ಎನ್ನುತ್ತಾರೆ. ಇದನ್ನು ತಪ್ಪಿಸಿಕೊಳ್ಳಲು ನಾನು ಕಂಡುಕೊಂಡ ದಾರಿಯೇ ಹಲ್ಲುನೋವು. ವಾರಕ್ಕೊಮ್ಮೆ ಕೆಳಗಿಳಿದು, ಕೆನ್ನೆ ಹಿಡಿದುಕೊಂಡು, ನನ್ನ ಕುರ್ಚಿ ಖಾಲಿಯಾಗುವವರೆಗೆ ಕಾದು, ಅದರಲ್ಲಿ ಒರಗುತ್ತಿದ್ದೆ. ಹೊಸ ಮೆತ್ತೆ ನಿಜಕ್ಕೂ ಚೆನ್ನಾಗಿದೆ. ನನ್ನ ಸರದಿ ಬಂದಾಗ ಹಿಂದಿನವರಿಗೆ, "ನೀವು ಮೊದಲು ಹೋಗಿ, ಪಾಪ," ಎಂದು ಬಿಟ್ಟುಕೊಡುತ್ತಿದ್ದೆ. ನನ್ನಷ್ಟು ಉದಾರಿಯಾದ ರೋಗಿಯನ್ನು ಆ ಬೀದಿ ಕಂಡಿರಲಿಲ್ಲ.

ನಾಲ್ಕನೆಯ ಸಲ ಕಣ್ಣು ಮುಚ್ಚಿ ಒರಗಿದ್ದಾಗ ಡಾಕ್ಟರೇ ಹೊರಗೆ ಬಂದು ನನ್ನ ಭುಜ ತಟ್ಟಿದರು. ಅವರ ಕೈಯಲ್ಲಿ ಇಕ್ಕಳವಿತ್ತು.

"ನಿಮ್ಮ ಮನೆಯವರು ಫೋನ್ ಮಾಡಿದ್ರು," ಎಂದರು. "ಪಾಪ, ತುಂಬ ಒದ್ದಾಡ್ತಿದ್ದಾರೆ, ಪರೀಕ್ಷೆ ಎಲ್ಲ ಸಾಕು, ಇವತ್ತು ಕಿತ್ತೇಬಿಡಿ ಅಂದ್ರು. ಯಾವ ಹಲ್ಲು ಅಂತ ನೀವೇ ತೋರಿಸಬೇಕಂತೆ."

ನೋವು ಅಷ್ಟು ಬೇಗ ಮಾಯವಾದ ರೋಗಿಯನ್ನು ತಾವು ಕಂಡಿಲ್ಲವೆಂದು ಡಾಕ್ಟರು ಈಗಲೂ ಹೇಳುತ್ತಾರಂತೆ. ನಾನು ಮೆಟ್ಟಿಲುಗಳನ್ನು ಎರಡೆರಡಾಗಿ ಹತ್ತಿ, ಬಾಗಿಲು ತಳ್ಳಿ, ನೇರವಾಗಿ ಸೈಕಲ್ ಏರಿ ಕೂತೆ. ಅತ್ತೆ ಪತ್ರಿಕೆಯನ್ನು ಮುಖಕ್ಕೆ ಅಡ್ಡ ಹಿಡಿದಿದ್ದರು, ಪತ್ರಿಕೆ ನಡುಗುತ್ತಿತ್ತು. ನಾನು ಜೋರಾಗಿ ತುಳಿದೆ. ಎಷ್ಟು ದೂರ ಹೋದರೂ ಕಿಟಕಿಯ ಪಕ್ಕದಲ್ಲೇ ಇರುವುದೊಂದೇ ಈ ವಾಹನದ ಒಳ್ಳೆಯ ಗುಣ.

ಸ್ವಲ್ಪ ಹೊತ್ತಾದ ಮೇಲೆ ಹೆಂಡತಿ ಮೂರು ಲೋಟ ಕಾಫಿ ತಂದು ಟೀಪಾಯಿಯ ಮೇಲಿಟ್ಟು, ಸೋಫಾದಲ್ಲಿ ಕೂತು, ತನ್ನ ಪಕ್ಕದ ಜಾಗವನ್ನು ಕೈಯಿಂದ ತಟ್ಟಿದಳು.

"ಇಳಿದು ಬನ್ನಿ," ಎಂದಳು. "ಈಗ ಟೀಪಾಯಿ ಹತ್ರ ಬರಬಹುದು."